ಸೂಜಿ ಸಂಗವ್ವನ ಚೀಲಕ್ಕೆ ನಾನು ಹೊಲಿದ ಸುಳ್ಳು

ಕಸ್ತೂರಿ, ನಿನ್ನ ಹಾಡಿನ ಚೀಲಗಳ ಮೇಲೆ ನಾನು ಹೊಲಿದದ್ದು ನಿಮ್ಮವ್ವನ ಸೀರೆಯ ತುಂಡಲ್ಲ. ಆ ಇಳಕಲ್ ಸೀರೆಯನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಸ್ಟೀಲ್ ಚರಿಗೆ ತೆಗೆದುಕೊಂಡೆ. ಕೈತಪ್ಪಿ ಹೋದದ್ದಲ್ಲ — ಬೇಕೆಂತಲೇ ಕೊಟ್ಟೆ.

ನನಗೆ ನಿನ್ನ ಮೇಲೆ ಸಿಟ್ಟು ಯಾಕೆಂದು ನಿನಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ಸೂಜಿ ಸಂಗವ್ವ ನಾನು ಕಟ್ಟಿದ ಕಥೆ. ಬೈಲಹೊಂಗಲದ ನನ್ನ ಹೊಲಿಗೆ ಅಂಗಡಿಯಲ್ಲಿ ಕೌದಿ ಹೊಲಿಯುತ್ತ ಕೂತಾಗ ಹುಟ್ಟಿಸಿದವಳು — ಜಗಳಾಡಿದ ಮನೆಗಳಿಂದ ಒಂದೊಂದು ಬಟ್ಟೆ ತುಂಡು ಬೇಡಿ ತಂದು, ಅಕ್ಕಪಕ್ಕ ಇಟ್ಟು ಹೊಲಿಯುವ ಮುದುಕಿ. ನೀನು ಸವದತ್ತಿಯಿಂದ ಬಂದಾಗಲೆಲ್ಲ 'ಮುಂದೇನಾತ ಹೇಳವಾ ಶಾಂತಾ' ಎಂದು ಕಾಡುತ್ತಿದ್ದೆ. ನಾನು ಹೇಳಿದೆ, ನೀನು ಹಾಡು ಕಟ್ಟಿದೆ. ಅಲ್ಲಿಯ ತನಕ ಎಲ್ಲ ಚೆಂದವಿತ್ತು.

ಕಿತ್ತೂರಿನ ಕಾರ್ಯಕ್ರಮದಲ್ಲಿ ಮೈಕ್ ಹಿಡಿದು ನೀನು ಅಂದದ್ದು — 'ಈ ಸಂಗವ್ವನ ಕಥಿ ನಮ್ಮವ್ವ ಹೇಳಿದ್ದರೀ.' ನಾನು ಮೂರನೇ ಸಾಲಿನಲ್ಲಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆ ಕೈಗಳ ಮೇಲೆ ನನಗಿನ್ನೂ ಸಿಟ್ಟಿದೆ.

ಅದಾಗಿ ವಾರಕ್ಕೆ ನೀನು, ತೀರಿಹೋದ ನಿಮ್ಮವ್ವನ ಸೀರೆ ಹಿಡಿದು ನನ್ನ ಅಂಗಡಿಗೆ ಬಂದೆ. ನೀನು ಮಾರಲಿದ್ದದ್ದು ಸಂಗವ್ವನ ಎಂಟು ಹಾಡಿನ ಪೆನ್‌ಡ್ರೈವು, ಜೊತೆಗೊಂದು ಹಾಡಿನ ಪುಸ್ತಕ; ಎರಡನ್ನೂ ಇಡಲು ಕೌದಿಯ ಚೀಲ ಬೇಕು, ಅದು ಸಂಗವ್ವನ ಹೆಗಲ ಚೀಲದಂತೆಯೇ ಕಾಣಬೇಕು, ಪ್ರತಿಯೊಂದರ ನಡುವೆ ಅವ್ವನ ಸೀರೆಯ ತುಂಡಿರಬೇಕು. ನನ್ನ ಸಂಗವ್ವನ ಚೀಲ ಹೇಗಿತ್ತೆಂದು ನನಗೇ ಹೇಳಿಕೊಟ್ಟೆಯಲ್ಲ! ನಾನು ಹೂಂ ಅಂದೆ. ಮರುದಿನವೇ ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಳು. ಪೇಟೆಯಿಂದ ಅದೇ ಬಣ್ಣದ ಅರಿವೆ ತಂದು, ಒಗೆದು ಒಗೆದು ಬಣ್ಣ ಮಾಸಿಸಿ, ನೂರು ಚೀಲಕ್ಕೂ ಹೊಲಿದೆ. ಕೊಂಡವರು ಆ ತುಂಡನ್ನು ಕಣ್ಣಿಗೊತ್ತಿಕೊಂಡಾಗ ಒಳಗೊಳಗೇ ನಕ್ಕೆ — ಹೌದು, ನಕ್ಕೆ. ನೀನು ಅಂಗಡಿಗೆ ಬಂದಾಗ ಅದೇ ಚರಿಗೆಯಲ್ಲಿ ನೀರು ಕೊಟ್ಟೆ. ಮುಯ್ಯಿಗೆ ಮುಯ್ಯಿ, ಸರಿಹೋಯಿತು ಅಂದುಕೊಂಡೆ.

ಆಮೇಲೆ ರಾಮದುರ್ಗಕ್ಕೆ ಕೊಟ್ಟ ನಿನ್ನ ಮಗಳು ಬಾಣಂತನಕ್ಕೆ ಬಂದಳು. ಕೂಸು ನೋಡಲು ನಾನು ಸವದತ್ತಿಗೆ ಬಂದೆ. ಕೂಸನ್ನು ಮೊದಲು ಮನೆಯ ಹಿರಿಯಳ ಹಳೆ ಸೀರೆಯ ಮೇಲೆ ಮಲಗಿಸುವುದು ನಿಮ್ಮ ಮನೆಯ ವಾಡಿಕೆ. 'ಅವ್ವನ ಸೀರಿ ಒಂದ ತುಂಡರ ಉಳದೈತೇನ?' ಎಂದು ನೀನು ಕೇಳಿದೆ. ಎಲ್ಲಾ ಹೊಲಿದು ಮುಗಿಯಿತು ಅಂದೆ ನಾನು. ನೀನು ಒಳಗೆ ಹೋಗಿ ನಿನಗೆಂದು ಇಟ್ಟುಕೊಂಡಿದ್ದ ಚೀಲ ತಂದೆ. ಹಲ್ಲಿನಿಂದ ದಾರ ಕಡಿದು, ತುಂಡು ಬಿಡಿಸಿ, ಕೂಸಿನ ಕೆನ್ನೆಯ ಕೆಳಗೆ ಹಾಸಿದೆ.

'ಮೂಸಿ ನೋಡ ಶಾಂತಾ, ಅವ್ವನ ವಾಸನಿ ಇನ್ನೂ ಐತಿ.'

ಮೂಸಿದೆ. 'ಹೌದವಾ, ಐತಿ' ಅಂದೆ.

ಆಗಲಾದರೂ ಹೇಳಬಹುದಿತ್ತು... ಹೇಳಲಿಲ್ಲ. ಎರಡು ವರ್ಷವಾಯಿತು. ಮೊನ್ನೆ ಫೋನಿನಲ್ಲಿ ನೀನು ನಗುತ್ತ ಹೇಳಿದೆ — ಕೂಸು ಆ ತುಂಡಿಲ್ಲದೆ ಮಲಗುವುದಿಲ್ಲವಂತೆ, ಅದನ್ನು 'ಅಜ್ಜಿ' ಎಂದು ಕರೆಯುತ್ತದಂತೆ.

ಮೈಕಿನಲ್ಲಿ ಆಡಿದ ಮಾತಿಗೆ ನಿನ್ನನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ನಿನ್ನ ಮೇಲಿನ ಸಿಟ್ಟನ್ನು ನಾನು ತೀರಿಸಿಕೊಂಡದ್ದು ಸತ್ತ ನಿಮ್ಮವ್ವನ ಮೇಲೆ, ನನಗೆ ಬಿಸಿ ರೊಟ್ಟಿ ಬಡಿದು ಹಾಕಿದವಳ ಮೇಲೆ. ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ. ನಾಳೆ ಬಂದು ನಿನ್ನೆದುರು ಕೂತು ಓದುತ್ತೇನೆ. ಓದಿದ ಮೇಲೆ ಸಂಗವ್ವ ಯಾರವಳೆಂಬ ಜಗಳ ತೆಗೆಯುವುದಿಲ್ಲ. ನೀನು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ. ಕೂಸಿನ ಕೈಯಲ್ಲಿರುವ ಆ ತುಂಡನ್ನು ಏನು ಮಾಡಲಿ ಎಂದು ಮಾತ್ರ ಕೇಳಬೇಡ ಕಸ್ತೂರಿ — ನನಗೆ ತಿಳಿಯುತ್ತಿಲ್ಲ.