ಪಾಸುವಿನ ಬಿಳಿಕಣಗಳು

ಪ್ರಾಣಿಗಳ ಆಸ್ಪತ್ರೆಯಲ್ಲಿ ಅವಳಿಗೆ ಲ್ಯಾಬಕ್ಕ ಎಂದೇ ಹೆಸರು. ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ಅಕ್ಕನೇ, ಅವಳಿಗಿಂತ ಹಿರಿಯರಿಗೂ ಅಕ್ಕನೇ. ಮೊದಲು ಮನುಷ್ಯರ ರಕ್ತ ಪರೀಕ್ಷಿಸುವ ಕಡೆ ಇದ್ದವಳು. “ಅಲ್ಲಿ ಬರೋರೆಲ್ಲ ನನಗೇ ಬುದ್ಧಿ ಹೇಳೋರು. ಇಲ್ಲಿಯವು ಕಚ್ಚಿದರೂ ಪರವಾಗಿಲ್ಲ, ವಾದ ಮಾಡಲ್ಲ” ಎನ್ನುತ್ತಿದ್ದಳು.

ಕಾರಿಡಾರಿನ ಕೊನೆಯಲ್ಲಿ ಅವಳ ಕೋಣೆ. ಗೋಡೆಗೆ ಒರಗಿದ ಉದ್ದನೆಯ ಮೇಜು. ಅದರ ಮೇಲೆ ರಕ್ತದ ಕಣಗಳನ್ನು ಎಣಿಸುವ ಯಂತ್ರ, ಪಕ್ಕದಲ್ಲಿ ಹಳೆಯ ಸೂಕ್ಷ್ಮದರ್ಶಕ, ಬಣ್ಣದ ನೀರಿನ ಮೂರು ಜಾಡಿಗಳು. ರಕ್ತದ ಹನಿಯನ್ನು ಗಾಜಿನ ತುಂಡಿನ ಮೇಲೆ ತೆಳುವಾಗಿ ಎಳೆದು, ಆ ಜಾಡಿಗಳಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಸದಾ ನೇರಳೆ. ಬೆಕ್ಕು ಬಂದರೆ ಮಾತ್ರ ಅವಳದು ಬೇರೆಯೇ ಕ್ರಮ. ಫ್ಯಾನು ನಿಲ್ಲಿಸುವಳು, ಬಾಗಿಲು ಮುಚ್ಚುವಳು, ಬೆಕ್ಕಿನ ಮೇಲೊಂದು ಟವೆಲು ಹೊದಿಸಿ ಸುಮ್ಮನೆ ಕೂರುವಳು. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏರುತ್ತದೆ, ಬಿಳಿಕಣ ಏರುತ್ತದೆ. ಹೆದರಿಕೆ ಎಷ್ಟು, ರೋಗ ಎಷ್ಟು ಎಂದು ಆಮೇಲೆ ಬಿಡಿಸಿ ನೋಡಲಾಗುವುದಿಲ್ಲ. ಇನ್ನೊಂದು ಕಟ್ಟುಪಾಡೂ ಇತ್ತು: ಫಲಿತಾಂಶವನ್ನು ಬೆಕ್ಕಿನ ಮನೆಯವರಿಗೆ ಅವಳು ಹೇಳುವುದಿಲ್ಲ. ಅದು ಡಾಕ್ಟರ ಕೆಲಸ.

ಈ ಎರಡು ಕಟ್ಟುಪಾಡುಗಳೂ ಒಂದೇ ದಿನ ಮುರಿದುಬಿದ್ದದ್ದು ಅವಳ ಸೋದರಮಾವನ ಬೆಕ್ಕಿನ ದೆಸೆಯಿಂದ.

ಮಾವ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವನು ಅವನೇ. ಈಗ ಅವಳ ಮನೆಯಲ್ಲೇ, ಅವಳ ಗಂಡನ ಮರಗೆಲಸದ ಕೊಠಡಿಗೆ ಹೊಂದಿಕೊಂಡ ಕೋಣೆಯಲ್ಲಿ ಇದ್ದ. ನಾಲ್ಕು ತಿಂಗಳ ಹಿಂದೆ ಹಳೆಯ ಗೆಳೆಯರನ್ನು ನೋಡಲು ಡಿಪೋಗೆ ಹೋದವನು ಅಂಗಿಯೊಳಗೆ ಒಂದು ಬೂದು ಬಣ್ಣದ ಮರಿಯನ್ನು ಇಟ್ಟುಕೊಂಡು ಬಂದ. “ಟಿಕೆಟ್ ಇಲ್ಲದೆ ಬಂದು ಸೀಟಿನ ಮೇಲೆ ಮಲಗಿತ್ತು. ಕೇಳಿದ್ರೆ ದುರುಗುಟ್ಟಿ ನೋಡ್ತದೆ. ಪಾಸು ಇರೋರು ಹಾಗೇ ನೋಡೋದು” ಎಂದ. ಮರಿಗೆ ಪಾಸು ಎಂಬ ಹೆಸರೇ ನಿಂತಿತು.

ಲಸಿಕೆ ಹಾಕಿಸೋಣ ಎಂದು ಅವಳು ಅಂದಾಗಲೆಲ್ಲ ಮಾವನದು ಒಂದೇ ರಾಗ: “ಇನ್ನೂ ಕೂಸು ಕಣೇ ಅದು. ಮೈಯಲ್ಲಿ ಸೂಜಿ ಚುಚ್ಚೋಕೆ ಜಾಗವಾದ್ರೂ ಎಲ್ಲಿದೆ?” ಅವಳೂ ಮನೆಗೆಲಸದ ಗಡಿಬಿಡಿಯಲ್ಲಿ ಸುಮ್ಮನಾದಳು. ಒಂದು ಬೆಳಿಗ್ಗೆ ಪಾಸು ಹಾಲಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತಿತು. ಕುಡಿಯಲೂ ಇಲ್ಲ, ಎದ್ದೂ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಂತಿ, ಭೇದಿ. ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, “ರಕ್ತ ನೋಡೋಣ ಅಕ್ಕಾ” ಎಂದಷ್ಟೇ ಅಂದರು.

ಬಿಳಿಕಣಗಳೆಂದರೆ ಮೈಯನ್ನು ಕಾಯುವ ಪಡೆ. ಲಸಿಕೆ ಹಾಕಿಸದ ಬೆಕ್ಕುಗಳಿಗೆ ಬರುವ, ಡಾಕ್ಟರು ಅನುಮಾನಿಸಿದ್ದ ವೈರಸ್ಸು ಆ ಪಡೆಯ ಜೊತೆ ಹೋರಾಡುವ ಗೋಜಿಗೇ ಹೋಗುವುದಿಲ್ಲ. ಕಣಗಳು ಹುಟ್ಟುವ ಮೂಳೆಯ ಮಜ್ಜೆಗೇ ಬೀಗ ಜಡಿಯುತ್ತದೆ. ಪಾಸುವಿನ ಗಾಜಿನ ಮೇಲೆ ಅವಳು ಸಾಲು ಸಾಲಾಗಿ ಹುಡುಕಿದಳು. ಕೆಂಪುಕಣಗಳು ಬೇಕಾದಷ್ಟು, ಬಿಳಿಯದು ಮಾತ್ರ ಅಲ್ಲೊಂದು, ಬಹಳ ಹೊತ್ತಿನ ಮೇಲೆ ಇನ್ನೊಂದು. ಮರುದಿನ ಅದೂ ಇಲ್ಲ.

ಡಾಕ್ಟರು ಮಾವನನ್ನು ಕೂರಿಸಿ ಹೇಳಿದರು: “ಡ್ರಿಪ್ ಕೊಡ್ತಾ ಇದೀವಿ, ಬೇರೆ ಸೋಂಕು ತಗುಲದ ಹಾಗೆ ಔಷಧಿನೂ. ಬಿಳಿಕಣ ತಾನಾಗಿ ವಾಪಸ್ ಬರಬೇಕು. ಇನ್ನೆರಡು ದಿನ ನೋಡೋಣ. ಬರದಿದ್ರೆ ಅದನ್ನ ಸುಮ್ನೆ ನರಳಿಸೋದು ಬೇಡ ಅಂತೀನಿ.”

“ನೀವು ಹೇಗೆ ಹೇಳಿದ್ರೆ ಹಾಗೆ” ಎಂದ ಮಾವ. ಬಸ್ಸಿನ ಹಿಂದಿನ ಬಾಗಿಲಿಗೂ ಕೇಳುತ್ತಿದ್ದ ಆ ದನಿ ಅಂದು ಮೇಜಿನಾಚೆ ದಾಟಲಿಲ್ಲ.

ಸೋಂಕಿನ ಪ್ರಾಣಿಗಳ ಕೋಣೆ ಬೇರೆಯೇ. ಒಳಗೆ ಹೋಗುವಾಗ ಮೇಲಂಗಿ ತೊಡಬೇಕು, ಬರುವಾಗ ಕೈ ತೊಳೆಯಬೇಕು. ಮಾವ ಉದ್ದನೆಯ ಮೇಲಂಗಿ ತೊಟ್ಟು ಗೂಡಿನ ಮುಂದೆ ಕೂತು, ಪಾಸುವಿನ ಕಿವಿಯಲ್ಲಿ ಹಳೆಯ ಮಾರ್ಗದ ನಿಲ್ದಾಣಗಳನ್ನು ಒಂದೊಂದಾಗಿ ಹೇಳುತ್ತಿದ್ದ.

ಗಡುವಿನ ಮೊದಲನೆಯ ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಫ್ಯಾನು ನಿಲ್ಲಿಸಲಿಲ್ಲ, ಕಾಯಲಿಲ್ಲ. ಸೂಜಿ ಒಮ್ಮೆ ತಪ್ಪಿತು. ಎರಡನೆಯ ಸಲ ರಕ್ತ ತಡೆತಡೆದು ಬಂತು. ಯಂತ್ರಕ್ಕಿಟ್ಟು ನಿಂತಳು. ಅಂಕಿ ಬಂತು. ನಿನ್ನೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು!

ಬಾಗಿಲು ತೆರೆದು ಕೂಗಿಯೇಬಿಟ್ಟಳು: “ಮಾವ, ಏರಿದೆ! ಬಿಳಿಕಣ ಏರಿದೆ!”

ಬೆಂಚಿನ ಮೇಲಿದ್ದ ಮಾವ ಎದ್ದು ನಿಂತ, ಮತ್ತೆ ಕೂತ. ಮುಖವನ್ನು ಎರಡೂ ಕೈಯಲ್ಲಿ ಒರೆಸಿಕೊಂಡ. ಪಕ್ಕದಲ್ಲಿ ನಾಯಿ ಹಿಡಿದು ಕೂತಿದ್ದ ಅಪರಿಚಿತರಿಗೆ, “ನನ್ನ ಸೊಸೆ. ಇಲ್ಲಿ ದೊಡ್ಡ ಕೆಲಸ” ಎಂದ. ಆಮೇಲೆ ಎಲ್ಲರಿಗೂ ಚಹಾ ತರಲು ತಾನೇ ಹೊರಟುಹೋದ.

ಡಾಕ್ಟರು ಬಂದು ಅಂಕಿ ನೋಡಿದರು. “ಗಾಜು ನೋಡಿದ್ರಾ ಅಕ್ಕಾ?”

ಅವಳು ನೋಡಿರಲಿಲ್ಲ.

ಗಾಜಿಗೆ ಬಣ್ಣ ಹಾಕಿ, ಒಣಗಿದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅಂಚಿನ ಉದ್ದಕ್ಕೂ ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತವನ್ನು ಹೆಪ್ಪುಗಟ್ಟಿಸುವ ಪುಟ್ಟ ಕಣಗಳು, ಗುಂಪುಗುಂಪಾಗಿ ಅಂಟಿಕೊಂಡು ಕೂತಿದ್ದವು. ತಡೆತಡೆದು ತೆಗೆದ ಬೆಕ್ಕಿನ ರಕ್ತದಲ್ಲಿ ಹೀಗಾಗುವುದುಂಟು. ಯಂತ್ರ ಗಾತ್ರವನ್ನು ಮಾತ್ರ ಬಲ್ಲದು; ಒಂದೊಂದು ಗುಂಪನ್ನೂ ಬಿಳಿಕಣವೆಂದು ಎಣಿಸಿಬಿಟ್ಟಿತ್ತು. ನಿಜವಾದ ಬಿಳಿಕಣ ಹೆಸರಿಗೂ ಇರಲಿಲ್ಲ.

ಮಾವ ಚಹಾದ ಲೋಟಗಳನ್ನು ಹಂಚಿ ಮುಗಿಸಿದ್ದ. ಅವಳು ಪಕ್ಕದಲ್ಲಿ ಕೂತಳು.

“ಮಾವ, ಆಗ ಹೇಳಿದ್ದು ತಪ್ಪಾಯ್ತು.”

“ಎಷ್ಟು ತಪ್ಪು? ಅರ್ಧನಾ, ಪೂರ್ತಿನಾ?”

“ಪೂರ್ತಿ. ಆತುರಪಟ್ಟೆ. ನೋಡದೇ ಕೂಗಿದೆ.”

ಮಾವ ಲೋಟವನ್ನು ಬೆಂಚಿನ ಮೇಲಿಟ್ಟ. “ಇಷ್ಟು ಹೊತ್ತು ಖುಷಿಯಾಗಿದ್ನಲ್ಲ, ಅದನ್ನೂ ವಾಪಸ್ ಕೇಳ್ತೀಯೇನು?” ಎಂದ. ಅವಳ ಕಣ್ಣು ತುಂಬಿತು. “ಅಳಬೇಡ. ಲಸಿಕೆ ಬೇಡ ಅಂದೋನು ನಾನು.”

“ನಾನೂ ಗಟ್ಟಿಯಾಗಿ ಹೇಳಲಿಲ್ಲ ಮಾವ.”

“ನೀನು ಗಟ್ಟಿಯಾಗಿ ಹೇಳಿದ್ರೆ ನಾನು ಇನ್ನೂ ಗಟ್ಟಿಯಾಗಿ ಹೇಳ್ತಿದ್ದೆ. ನನ್ನ ಗಂಟಲಿನ ಮುಂದೆ ನಿನ್ನದು ನಡೆಯುತ್ತಾ?”

ಆ ಸಂಜೆ ಮನೆಯಲ್ಲಿ ಅವಳ ಗಂಡ ಕೈಯ ಮರದ ಪುಡಿ ಕೊಡವುತ್ತ, “ಇವತ್ತು ಮಾವನವರು ಪೇಪರ್ ಓದಿದ್ರು, ಆದ್ರೆ ಯಾರನ್ನೂ ಬೈಲಿಲ್ಲ. ನನಗ್ಯಾಕೋ ಭಯ ಆಗ್ತಿದೆ” ಎಂದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಅವಳು ಫ್ಯಾನು ನಿಲ್ಲಿಸಿದಳು. ಬಾಗಿಲು ಮುಚ್ಚಿದಳು. ಟವೆಲಿನೊಳಗೆ ಪಾಸುವಿನ ಉಸಿರು ಸಮವಾಗುವ ತನಕ ಕೂತಳು. ಒಂದೇ ಚುಚ್ಚಿಗೆ ರಕ್ತ ಸರಾಗವಾಗಿ ಬಂತು. ಯಂತ್ರದ ಅಂಕಿ ನಿನ್ನೆಯ ಹಾಗೆ ಜಿಗಿಯಲಿಲ್ಲ. ಮೊನ್ನೆಯದಕ್ಕಿಂತ ಕೊಂಚ ಏರಿತ್ತು, ಹೇಳಿಕೊಳ್ಳುವಂಥದ್ದೇನಲ್ಲ. ಅವಳು ಗಾಜನ್ನು ತೆಗೆದುಕೊಂಡಳು. ಅಂಚಿನಲ್ಲಿ ಗುಂಪುಗಳಿರಲಿಲ್ಲ. ಸಾಲು ಹಿಡಿದು ಸರಿಸುತ್ತ ಹೋದಳು. ಒಂದೆಡೆ ಕೈ ನಿಂತಿತು. ಬಿಳಿಕಣವೊಂದು, ಬಲಿತ ಕಣಗಳಲ್ಲಿರುವ ಹಾಗೆ ಅದರ ನಡುವಿನ ಕೋಶಕೇಂದ್ರ ಗಂಟುಗಂಟಾಗಿರಲಿಲ್ಲ, ಕುದುರೆಯ ಲಾಳದಂತೆ ಸುಮ್ಮನೆ ಬಾಗಿತ್ತು. ಈಗಷ್ಟೇ ಮಜ್ಜೆಯಿಂದ ಹೊರಬಿದ್ದ ಎಳೆಯ ಕಣ. ಸರಿಸಿದಳು. ಇನ್ನೊಂದು. ಮತ್ತೆ ಎರಡು.

ಬಾಗಿಲಿನಾಚೆ ಮಾವ ಕೆಮ್ಮಿದ್ದು ಕೇಳಿಸಿತು. ಅವಳು ತುಟಿ ಕಚ್ಚಿಕೊಂಡು, ಹಿಂಬಾಗಿಲಿನಿಂದ ಹೋಗಿ ಡಾಕ್ಟರನ್ನು ಕರೆತಂದಳು.

ಡಾಕ್ಟರು ಕಣ್ಣು ತೆಗೆಯದೆ ನೋಡಿದರು. “ಎಳೆ ಕಣಗಳು ಬಂದಿದಾವೆ ಅಕ್ಕಾ” ಎಂದರು. ಆಮೇಲೆ ಹೊರಗೆ ಹೋಗಿ ಮಾವನಿಗೆ, “ಗೆದ್ದುಬಿಟ್ವಿ ಅನ್ನಲ್ಲ. ಆದರೆ ಮಜ್ಜೆ ಕೆಲಸ ಶುರು ಮಾಡಿದೆ. ಇನ್ನು ಕೈ ಬಿಡೋ ಮಾತಿಲ್ಲ, ನಾಳೆನೂ ಚಿಕಿತ್ಸೆ ಮುಂದುವರಿಸೋಣ” ಎಂದರು.

ಮಾವ ಸೊಸೆಯತ್ತ ತಿರುಗಿದ. “ಇವತ್ತು ನೋಡಿದ್ಯಾ?”

“ನೋಡಿದೆ. ಎರಡು ಸಲ.”

“ಹಾಗಾದ್ರೆ ನನಗೂ ತೋರಿಸು.”

ಸ್ಟೂಲಿನ ಮೇಲೆ ಕೂತು ಮಾವ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅಗಲಿಸಿ, ಕನ್ನಡಕವನ್ನು ಹಣೆಗೇರಿಸಿ ಬಗ್ಗಿದ. “ಆಹಾ! ಕಾಣ್ತು ಕಾಣ್ತು. ಎಷ್ಟು ಲಕ್ಷಣವಾಗಿದಾವೆ!” ಎಂದ. ಸೂಕ್ಷ್ಮದರ್ಶಕದ ದೀಪ ಆರಿತ್ತು. ಅವಳು ಅದನ್ನು ಹಚ್ಚಲು ಹೋಗಲಿಲ್ಲ.

ಮುಂದಿನ ದಿನಗಳಲ್ಲಿ ಅಂಕಿ ಏರುತ್ತ ಬಂತು. ವಾಂತಿ ನಿಂತಿತು. ವಾರ ಕಳೆದ ಮೇಲೆ ಕೊನೆಯ ಸಲ ರಕ್ತ ತೆಗೆಯಲು ಅವಳು ಗೂಡಿಗೆ ಕೈ ಹಾಕಿದಳು. ಪಾಸು ಹಲ್ಲು ತೋರಿಸಿ ಬುಸುಗುಟ್ಟಿತು; ಪಂಜ ಬೀಸಿದ ರಭಸಕ್ಕೆ ಅವಳ ಮುಂಗೈ ಮೇಲೆ ಉದ್ದನೆಯ ಗೀರು ಎದ್ದಿತು.

“ಏಯ್ ಮುಠ್ಠಾಳ! ಜೀವ ಉಳಿಸಿದವಳಿಗೇ ಪರಚ್ತೀಯಾ?” ಎಂದು ಮಾವ ಇಡೀ ಕಾರಿಡಾರಿಗೆ ಕೇಳುವಂತೆ ಗದರಿದ.

“ಬೈಬೇಡಿ ಮಾವ” ಎಂದಳು ಅವಳು, ಗೀರಿನ ಮೇಲೆ ಹತ್ತಿ ಒತ್ತಿಕೊಳ್ಳುತ್ತ. ಗೂಡಿನ ಬಾಗಿಲು ಮುಚ್ಚಿ, ಪಾಸುವಿನ ಸಿಟ್ಟು ಇಳಿಯಲೆಂದು ಅಲ್ಲಿಯೇ ಕೂತಳು.