ಸಾಯದ ಹವಳವನ್ನು ಹೊಳೆಗೆ ಬಿಟ್ಟೆ

ಹವಳಕ್ಕೆ ಜೀವವಿದೆಯೆಂದು ನನಗೆ ಗೊತ್ತಾದದ್ದೇ ಅದು ಸತ್ತ ಸುದ್ದಿಯಿಂದ. ಬೆಳಿಗ್ಗೆ ದೀಪ ಹಚ್ಚಿ, ರೊಟ್ಟಿ ತಟ್ಟುತ್ತಾ ಟಿವಿ ಹಾಕಿದ್ದೆ. 'ಕಡಲ ಹವಳವೆಲ್ಲ ಸಾವು' ಎಂಬ ಕೆಂಪಕ್ಷರ. ನೀರಿನಡಿ ಬೂದಿ ಬಳಿದಂತೆ ಬೆಳ್ಳಗೆ ನಿಂತ ಹವಳದ ದಿಬ್ಬ. ಹಿಟ್ಟಿನ ಕೈ ತಾನಾಗಿ ಕೊರಳಿಗೆ ಹೋಯಿತು.

ನನ್ನ ತಾಳಿಯಲ್ಲಿ ಎರಡು ಹವಳವಿದ್ದವು, ಅತ್ತೆ ತಮ್ಮ ಸರದಿಂದ ಬಿಚ್ಚಿ ಪೋಣಿಸಿಕೊಟ್ಟವು. ಹೋದ ವರ್ಷವಷ್ಟೇ ಮನೆಯವರು ಎದೆನೋವಿನಿಂದ ಪಾರಾಗಿ ಬಂದಿದ್ದರು. ಸತ್ತದ್ದನ್ನು ತಾಳಿಯಲ್ಲಿಟ್ಟುಕೊಂಡರೆ ಅವರಿಗೇನಾದರೂ ಆದೀತೆಂದು ಹೆದರಿದೆ. ಟಿವಿ ಆರಿಸಿಬಿಟ್ಟೆ.

ಪಕ್ಕದ ಮನೆಯಾಕೆಗೂ ಹೇಳಿದೆ. "ಟಿವೀಲಿ ಸುಮ್ಕೆ ಯೋಳ್ತಾರಾ ಬುಡಕ್ಕ, ನಾನೂ ತಗ್ದುಬುಡ್ತೀನಿ" ಎಂದಳು. ಕೊರಳು ಬರಿದಾಗಬಾರದೆಂದು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ತಾಳಿ ಬಿಚ್ಚಿದೆ. ಎರಡೂ ಹವಳವನ್ನು ಹೂವಿನ ಜೊತೆ ಲಕ್ಷ್ಮಣತೀರ್ಥ ಹೊಳೆಗೆ ಬಿಟ್ಟು ಕೈಮುಗಿದೆ.

ರಾವಂದೂರಿನಲ್ಲಿರುವ ಮಗಳಿಗೂ ಫೋನು ಮಾಡಿ ತಾಳಿಯ ಹವಳ ತೆಗೆಯಲು ಹೇಳಿದ್ದೆ. ಅವಳು ತೆಗೆಯಲಿಲ್ಲ. ಸಂಜೆ ಮನೆಗೇ ಬಂದು, ಮೊಬೈಲಿನಲ್ಲಿ ಅದೇ ಸುದ್ದಿಯನ್ನು ಕೊನೆಯವರೆಗೂ ತೋರಿಸಿದಳು. ಕಡಲಲ್ಲಿ ಮುಳುಗಿ ನೋಡಿ ಬಂದ ಹೆಂಗಸೊಬ್ಬರು ಹೇಳುತ್ತಿದ್ದರು: ನೀರು ಬಿಸಿಯಾಗಿ ಬೆಳ್ಳಗಾಗಿವೆ, ಇನ್ನೂ ಸತ್ತಿಲ್ಲ, ಬೇಗ ತಣ್ಣಗಾದರೆ ಚೇತರಿಸಿಕೊಳ್ಳಬಹುದು. ಅವರು ಹಾಗೆ ಹೇಳುತ್ತಿರುವಾಗಲೂ ಕೆಳಗೆ 'ಸಾವು' ಎಂಬ ಕೆಂಪಕ್ಷರ ಓಡುತ್ತಲೇ ಇತ್ತು.

"ಜ್ವರ ಬಂದೋರ್ನ ಮಸಾಣಕ್ಕೆ ಒತ್ಕಂಡೋದಂಗಾಯ್ತಲ್ಲಮ್ಮ" ಎಂದಳು ಮಗಳು. "ತಾಳಿ ಹವಳದ ಜಾತೀನೇ ಬ್ಯಾರೆ ಅಂತೆ. ಒಂದ್ಮಾತು ಕೇಳ್ಬಾರ್ದಿತ್ತಾ?"

ಹೋದ ವರ್ಷದ್ದು ನೆನಪಾಯಿತು. ಮನೆಯವರು ಆಸ್ಪತ್ರೆಯಲ್ಲಿ ಗಂಜಿ ಕುಡಿಯುತ್ತಿದ್ದಾಗ ಯಾರೋ 'ಹೋಗೇಬಿಟ್ಟರಂತೆ' ಎಂದು ಹಬ್ಬಿಸಿ, ನೆಂಟರು ಹಾರ ಹಿಡಿದು ಬಾಗಿಲಿಗೆ ಬಂದಿದ್ದರು. ಹಬ್ಬಿಸಿದವರಿಗೆ ಅಂದು ಎಷ್ಟು ಶಾಪ ಹಾಕಿದ್ದೆ! ಇಂದು ಅದೇ ಕೆಲಸ ನಾನೇ ಮಾಡಿದ್ದೆ.

ಪಕ್ಕದ ಮನೆಗೆ ಓಡಿದೆ. "ನಿನ್ ಹವಳ ಎಲ್ಲವ್ವ?"

"ಮಂಡಿನೋವು ಕಣಕ್ಕ, ಒಳೆಗೆ ಓಗಾಕಾಗ್ನಿಲ್ಲ. ತುಳಸಿಕಟ್ಟೇಲಿ ಮಡಗಿವ್ನಿ."

ಭಗವಂತ ಅಷ್ಟಾದರೂ ಉಳಿಸಿದ್ದ. ನಡೆದದ್ದನ್ನೆಲ್ಲ ಹೇಳಿ, ಮಣ್ಣು ತೊಳೆದು, ಅವಳ ಹವಳವನ್ನು ನಾನೇ ಮತ್ತೆ ಪೋಣಿಸಿಕೊಟ್ಟೆ. ನನ್ನ ತಾಳಿಯಲ್ಲಿ ಅತ್ತೆಯ ಹವಳವಿದ್ದ ಕಡೆ ಈಗ ಎರಡು ಕರಿಮಣಿ ಇವೆ. ಟಿವಿ ಹಾಕಿದಾಗಲೆಲ್ಲ ಬೆರಳು ಅಲ್ಲಿಗೇ ಹೋಗುತ್ತದೆ.