ಆ ನಂಬರಿನಲ್ಲಿ ಈಗ ಬೇರೆಯವರು

ಹೋದ ವಾರ ನಾನು ಮಿಸ್‌ಗೆ ಕಳಿಸಿದ ವಾಟ್ಸಾಪ್ ಸಂದೇಶದ ಪಕ್ಕ ಎರಡು ಟಿಕ್ ಬಿದ್ದವು. ಮಿಸ್ ತೀರಿಕೊಂಡು ವರ್ಷವಾಗುತ್ತ ಬಂದಿದೆ. ಕೆಲಸದಲ್ಲಿ ಎಲ್ಲಾದರೂ ಸಿಕ್ಕಿಕೊಂಡಾಗ ಆ ನಂಬರಿಗೆ ಒಂದು ಸಾಲು ಬರೆದು ಹಾಕುವುದು ನನ್ನ ಅಭ್ಯಾಸ. ಒಂದೇ ಟಿಕ್ ಬಿದ್ದು ಅಲ್ಲೇ ಉಳಿಯುತ್ತಿತ್ತು. ಈ ಸಲ ಎರಡು. ನೋಡನೋಡುತ್ತ ಅವು ನೀಲಿಯೂ ಆದವು. ಸತ್ತವರು ಓದುವುದಿಲ್ಲವೆಂದು ನನಗೇನು ಗೊತ್ತಿಲ್ಲವೇ? ಆದರೂ ನಾನು ಕೆಲಸ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಬಾಗಿಲು ಹಾಕಿಕೊಂಡು ಕೂತುಬಿಟ್ಟೆ.

ಅಲ್ಲಿದ್ದ ಫೋಟೋ ಬದಲಾಗಿತ್ತು. ಚೆಂಡುಹೂವಿನ ಮೂಟೆ ಹೇರಿದ ಒಂದು ಪಿಕಪ್ ಗಾಡಿ. ಆ ಹೂವು ಕಂಡದ್ದೇ ಅದರ ಘಾಟು ಮೂಗಿಗೆ ಬಡಿದಂತಾಗಿ ಮಿಸ್ ಕಣ್ಣೆದುರು ಬಂದು ನಿಂತರು.

ಮಿಸ್ ಗುಂಡ್ಲುಪೇಟೆಯವರು. ಮನೆಯಲ್ಲಿ ಉರ್ದು, ಅಣ್ಣನದು ಬಳೆ ವ್ಯಾಪಾರ. ಚಾಮರಾಜನಗರದಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಹೂವಿನ ಕಾಲದಲ್ಲಿ ಬೆಳಗಿನ ಬಸ್ಸಿನಲ್ಲಿ ಮೂಟೆಗಳ ನಡುವೆ ಕೂತು ಬಂದರೆಂದರೆ ಇಡೀ ದಿನ ಅವರ ಬುರ್ಖಾದಲ್ಲಿ ಅದೇ ವಾಸನೆ. ನಾನು ಹರದನಹಳ್ಳಿಯಿಂದ ಹೋಗುತ್ತಿದ್ದೆ. ಜೊತೆಯ ಹುಡುಗಿಯರು ಟೈಪಿಂಗು ಕಲಿತು ಸರ್ಟಿಫಿಕೇಟು ತೆಗೆದುಕೊಂಡು ಹೋದರು. ನನಗೆ ಮಾತ್ರ ಮಿಸ್ ಕರ್ನಲ್ಲಿನ ಹುಚ್ಚು ಹಿಡಿಸಿಬಿಟ್ಟರು.

ಕರ್ನಲ್ ಎಂದರೆ ಕಂಪ್ಯೂಟರಿನ ಒಳಮನೆಯ ಯಜಮಾನಿಕೆ ನಡೆಸುವ ಮೂಲ ಪ್ರೋಗ್ರಾಮು. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ, ಅಂದರೆ ಪ್ರೋಸೆಸ್ಸಿಗೂ, ಅದು ಒಂದು ನಂಬರು ಕೊಡುತ್ತದೆ. ಒಂದು ಪ್ರೋಸೆಸ್ ಎಷ್ಟು ಮೆಮೊರಿ ನುಂಗಿದೆ, ಯಾವ ಫೈಲು ತೆರೆದುಕೊಂಡು ಕೂತಿದೆ ಎಂದು ನೋಡಬೇಕಾದರೆ ಆ ನಂಬರು ಹೇಳಿ ಕೇಳಬೇಕು. ತೊಂದರೆ ಏನೆಂದರೆ, ಪ್ರೋಸೆಸ್ ಮುಗಿದುಹೋದ ಮೇಲೆ ಅದೇ ನಂಬರು ಇನ್ನೊಂದಕ್ಕೆ ಹೋಗಬಹುದು. ಮಿಸ್ ಇದನ್ನು ಬಸ್ಸಿನ ಲೆಕ್ಕದಲ್ಲಿ ಹೇಳಿಕೊಟ್ಟರು.

"ಸೀಟಲ್ಲಿದ್ದೋಳು ತೆರಕಣಾಂಬೀಲಿ ಇಳ್ದೋದ್ಲು ಅನ್ಕೋ. ಆಮೇಲ್ ಬಂದು ಸೀಟ್ ನಂಬ್ರ ಏಳಿ ವಿಚಾರ್ಸಿದ್ರೆ ಯಾರ್ ಸುದ್ದಿ ಸಿಕ್ತದೆ? ಈಗ ಕೂತಿರೋಳ್ದು. ಸೀಟ್ ಇಡ್ಕೋಬ್ಯಾಡ ಕಣಮ್ಮಿ, ಆಳ್ನ ಇಡ್ಕೋ."

ಆಳನ್ನೇ, ಅಂದರೆ ನಂಬರಿನ ಬದಲು ಆ ಪ್ರೋಸೆಸ್ಸನ್ನೇ, ಹಿಡಿದುಕೊಳ್ಳುವ ಹಿಡಿಕೆಯೊಂದು ಕರ್ನಲ್ಲಿಗೆ ಆಗಲೇ ಬಂದಿತ್ತು. ಆ ಹಿಡಿಕೆಯ ಮೂಲಕವೇ ಒಂದು ಪ್ರೋಸೆಸ್ಸಿನ ಕ್ಷೇಮಸಮಾಚಾರವನ್ನೆಲ್ಲ ಕೇಳುವ ದಾರಿ ಕಟ್ಟೋಣವೆಂದು ನಾವಿಬ್ಬರೂ ಕೂತೆವು. ನೋಡುವ ನೆಪದಲ್ಲಿ ಅದರ ಕೆಲಸ ನಿಲ್ಲಿಸಬಾರದು ಎಂಬುದು ಮಿಸ್ ಹಠ. ಅದಕ್ಕೆ ನನ್ನ ತಕರಾರಿರಲಿಲ್ಲ. ಜಗಳವಾದದ್ದು ಇನ್ನೊಂದಕ್ಕೆ. ನಾವು ಕೇಳುವಷ್ಟರಲ್ಲಿ ಪ್ರೋಸೆಸ್ ಸತ್ತಿದ್ದರೆ ಏನು ಉತ್ತರ ಕೊಡಬೇಕು? ಕೊನೆಗೆ ಹೇಗಿತ್ತೋ ಆ ಸುದ್ದಿಯನ್ನಾದರೂ ಎತ್ತಿಟ್ಟು ಕೊಡೋಣ ಅಂದೆ ನಾನು.

"ಅಳೇ ಸುದ್ದಿ ಕೊಟ್ರೆ ಕೇಳ್ದೋರು ಅದಿನ್ನೂ ಬದ್ಕೇ ಅದೆ ಅನ್ಕೋತಾರೆ. ಇಲ್ಲ ಅಂದ್ರೆ ಇಲ್ಲ ಅಂದ್ಬುಡು."

"ನಿಮ್ಗೆ ಒಂಚೂರೂ ಕರುಣೆ ಇಲ್ಲ ಮಿಸ್."

"ಕರುಣೆಗಲ್ಲ ಕಣಮ್ಮಿ ಕೇಳ್ತಿರೋದು. ನಿಜ ಏನು ಅಂತ ಕೇಳ್ತಿರೋದು."

ನಾನು ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ಆ ಮಾತು ಅಷ್ಟಕ್ಕೇ ನಿಂತಿತು, ಏಕೆಂದರೆ ಅಷ್ಟರಲ್ಲಿ ಅವರಿಗೆ ಕಾಯಿಲೆ ಬಂತು.

ಕ್ಲಾಸು ಮುಚ್ಚಿದರು. ನಾನು ಗುಂಡ್ಲುಪೇಟೆಗೆ ನೋಡಲು ಹೋದರೆ ಎದ್ದು ಕೂತು, ತಲೆ ಬಾಚಿಕೊಂಡು, ಅತ್ತಿಗೆಯ ಕೈಲಿ ಟೀ ಮಾಡಿಸಿ, ಮಾತಾಡಿ ಮಾತಾಡಿ ಸುಸ್ತಾಗುತ್ತಿದ್ದರು. ನೋಡುವ ನೆಪದಲ್ಲಿ ನಾನು ಅವರ ವಿಶ್ರಾಂತಿ ಕೆಡಿಸುತ್ತಿದ್ದೆ. ಹಾಗಾಗಿ ಬೆಳಿಗ್ಗೆ ನಾನೊಂದು ಮೆಸೇಜು ಹಾಕುವುದು, ಅವರು ಒಂದೇ ಅಕ್ಷರದಲ್ಲಿ ಉತ್ತರಿಸುವುದು ಎಂದಾಯಿತು. ಓಡುತ್ತಿರುವ ಪ್ರೋಸೆಸ್ಸಿಗೆ ಕರ್ನಲ್ 'ಆರ್' ಅನ್ನುತ್ತದೆ, ಮಲಗಿಕೊಂಡು ಏನನ್ನೋ ಕಾಯುತ್ತಿರುವುದಕ್ಕೆ 'ಎಸ್'. 'ಆರ್' ಬಂದ ದಿನ ನನಗೆ ಹಬ್ಬ. ಬರುಬರುತ್ತ 'ಎಸ್' ಹೆಚ್ಚಾಯಿತು. ಕೊನೆಯದೂ ಅದೇ... ಮಾರನೆಯ ದಿನ ಅವರ ಅಣ್ಣ ಫೋನು ಮಾಡಿದರು.

ಕೆಲಸ ನಾನೊಬ್ಬಳೇ ಮುಂದುವರಿಸಿದೆ. ಕೊನೆಯ ಸುದ್ದಿ ಎತ್ತಿಡುವ ಸಾಲುಗಳನ್ನು ಅದರಲ್ಲಿ ಉಳಿಸಿಕೊಂಡಿದ್ದೆ. ಮಿಸ್ ಹೋದ ಮೇಲೆ ಅವನ್ನು ತೆಗೆಯಲು ಕೈ ಬರುತ್ತಲೇ ಇರಲಿಲ್ಲ. ಕರ್ನಲ್ಲಿಗೆ ಏನೇ ಸೇರಬೇಕಾದರೂ ಅದನ್ನು ನೋಡಿಕೊಳ್ಳುವವರು ಪರಿಶೀಲಿಸಿ ಒಪ್ಪಬೇಕು. ಹೋದ ವಾರ ನಾನು ಕಳಿಸಿದ್ದನ್ನು ನೋಡಿ ಅವರಲ್ಲೊಬ್ಬರು ದೂರದೇಶದಿಂದ ಬರೆದರು. ಸತ್ತ ಪ್ರೋಸೆಸ್ಸಿನ ಹಳೆಯ ಸುದ್ದಿ ಯಾರಿಗೆ ಬೇಕು, ಎಂದು. ನಾನು ಸುಮ್ಮನೆ ಮಿಸ್ ನಂಬರಿಗೆ ಕಳಿಸಿದೆ: 'ಕೊನೇ ಸುದ್ದಿ ಇಟ್ಕೊಳ್ಳಲಾ, ಬಿಡಲಾ ಮಿಸ್?' ಎರಡು ಟಿಕ್ ಬಿದ್ದದ್ದು ಅದಕ್ಕೆ.

ಸ್ವಲ್ಪ ಹೊತ್ತಿಗೆ ಆ ನಂಬರಿನಿಂದಲೇ ಫೋನು ಬಂತು. ಗಂಡಸಿನ ದನಿ.

"ಅಕ್ಕ, ಅದೇನೋ ಕೊನೇ ಸುದ್ದಿ ಅಂತ ಆಕಿದ್ದೀರಲ್ಲ, ನಂಗೊಂದೂ ಗೊತ್ತಾಗ್ನಿಲ್ಲ."

ಇದು ನಮ್ಮ ಮಿಸ್ ನಂಬರು ಅಂದೆ.

"ಈ ಸಿಮ್ ಈಚೆಗೆ ತಕ್ಕೊಂಡಿದ್ದು ಕಣಕ್ಕ. ಊವಿನ ಲೋಡ್ ಒಡೀತೀನಿ ನಾನು. ಅವ್ರು ಈ ನಂಬ್ರಲ್ಲಿ ಇಲ್ಲ." ಆಮೇಲೆ ಪಾಪ, ಏನನ್ನಿಸಿತೋ, ಮೆಲ್ಲಗೆ ಕೇಳಿದ, "ಬೇಕಾದೋರಾ ಅಕ್ಕ?"

"ಊಂ ಕಣಪ್ಪ, ತುಂಬ ಬೇಕಾದೋರು" ಅಂದೆ.

ಫೋನಿಟ್ಟ ಮೇಲೆ ನಗು ಬಂತು. ನಗುತ್ತಲೇ ಅಳುವೂ ಬಂತು. ಅಷ್ಟು ಹೇಳಿಸಿಕೊಂಡು, ಅಷ್ಟು ಕಲಿತು, ನಾನು ಸೀಟನ್ನೇ ಹಿಡಿದುಕೊಂಡು ಕೂತಿದ್ದೆ. ಮಿಸ್ ಯಾವತ್ತೋ ಇಳಿದು ಹೋಗಿದ್ದರು.

ಆ ಸಂಜೆಯೇ ಕೊನೆಯ ಸುದ್ದಿಯ ಸಾಲುಗಳನ್ನು ಅಳಿಸಿದೆ. ಆ ಜಾಗದಲ್ಲಿ 'ಅಂಥ ಪ್ರೋಸೆಸ್ ಇಲ್ಲ' ಎಂಬ ಉತ್ತರ ಇಟ್ಟೆ. ಸರಿಯಿದೆಯೇ ನೋಡಲು ಒಂದು ಪುಟ್ಟ ಪ್ರೋಗ್ರಾಮು ಓಡಿಸಿ, ಅದನ್ನು ಕೊಂದು, ಹಿಡಿಕೆಯ ಮೂಲಕ ಕರ್ನಲ್ಲನ್ನು ಕೇಳಿದೆ. ಇಲ್ಲ ಅಂದಿತು. ನೀವು ಹೇಳಿದ ಹಾಗೇ ಮಾಡಿದೆ ಮಿಸ್, ಎಂದು ಬರೆಯಲು ಫೋನು ಕೈಗೆತ್ತಿಕೊಂಡೆ... ಕಳಿಸುವುದಾದರೂ ಯಾರಿಗೆ? ಫೋನು ಕೆಳಗಿಟ್ಟು ಇನ್ನೊಂದು ಸಲ ಕೇಳಿದೆ. ಇಲ್ಲ ಅಂದಿತು.